ನಿನ್ನದಲ್ಲದ ಅಳು

ಭಾನುವಾರ, ಮಾರ್ಚ್ ೧೦

ನನ್ನ ಮುದ್ದು ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಈ ಸೋಮಾರಿ ಯಾವಾಗಿನಿಂದ ಕಾಗದ ಬರೆಯುವಷ್ಟು ಒಳ್ಳೆಯವಳಾದಳು ಎಂದು ನೀನು ನಗುತ್ತಿರುತ್ತೀಯ. ಫೋನಿನಲ್ಲೇ ಹೇಳೋಣವೆಂದು ಎರಡು ಮೂರು ಸಲ ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ಇಷ್ಟು ವರ್ಷ ಬೇರೆಯವರ ಬಾಯಿಗೆ ದನಿ ಕೊಟ್ಟು ಕೊಟ್ಟು ನನ್ನ ಗಂಟಲಿಗೊಂದು ಕೆಟ್ಟ ಚಾಳಿ ಅಂಟಿದೆ. ದುಃಖದ ಮಾತು ಬಂದರೆ ತಾನಾಗಿ ನಡುಗುತ್ತದೆ, ಸಮಾಧಾನದ ಮಾತು ಬಂದರೆ ತಾನಾಗಿ ಮೆತ್ತಗಾಗುತ್ತದೆ. ನಿನಗೆ ಈ ವಿಷಯವನ್ನು ಆ ಗಂಟಲಿನಲ್ಲಿ ಹೇಳಲು ನನಗೆ ಇಷ್ಟವಿಲ್ಲ. ಕಾಗದದ ಮೇಲೆ ನಟಿಸುವುದು ನನಗೆ ಬರುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಅಕ್ಷರ, ಹೇಗಿದ್ದರೂ ಸಹಿಸಿಕೋ.

ಮೊದಲೇ ಒಂದು ಮಾತು. ಸಿನಿಮಾದವರು ಕೊಟ್ಟುಹೋಗಿರುವ ಒಪ್ಪಿಗೆ ಪತ್ರಕ್ಕೆ, ಇದನ್ನು ಪೂರ್ತಿ ಓದಿ ಮುಗಿಸುವವರೆಗೆ ಸಹಿ ಹಾಕಬೇಡ. ಓದಿದ ಮೇಲೆ ಹಾಕಿದರೆ ನಾನು ಏನೂ ಅನ್ನುವುದಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಎಷ್ಟು ಹಗುರಾಗಿದ್ದೆ! ಬಸ್ ನಿಲ್ದಾಣದ ಸ್ಫೋಟದ ಮೇಲೆ ಸಿನಿಮಾ ಮಾಡುತ್ತಿರುವವರು ಮನೆಗೆ ಬಂದಿದ್ದರು, ತುಂಬ ಮರ್ಯಾದಸ್ಥರು, ಪರವಾಗಿಲ್ಲ ಎಂದು ಅಷ್ಟು ಹೇಳಿದರೂ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದರು ಅಂದೆ. ಆ ಸ್ಫೋಟದಲ್ಲಿ ಭಾವ ಹೋದ ದಿನ ಟಿವಿಯಲ್ಲಿ ಬಂದ ನಿನ್ನ ಅಳುವ ದೃಶ್ಯವನ್ನು ಚಿತ್ರದ ಕೊನೆಗೆ ಹಾಗೆಯೇ ಸೇರಿಸುತ್ತಾರೆ ಅಂದೆ. ಬೇಡ ಅನ್ನಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ನೀನು ಹೇಳಿದ ಮಾತು ಆಮೇಲೆ ನನ್ನನ್ನು ಬಿಟ್ಟಿಲ್ಲ. "ಇರಲಿ ಬಿಡೇ. ಅವತ್ತು ಅತ್ತಿದ್ದು ನನಗೆ ನೆನಪೇ ಇಲ್ಲ. ನಾನು ಅವರಿಗೋಸ್ಕರ ಅತ್ತೆ ಅನ್ನೋದಕ್ಕೆ ಅದೊಂದೇ ಸಾಕ್ಷಿ" ಅಂದೆ.

ಅಕ್ಕಾ, ಆಗ ನಾನು ಒಂದು ವಿಷಯ ನಿನಗೆ ಹೇಳಿರಲಿಲ್ಲ. ಆ ಸಿನಿಮಾದಲ್ಲಿ ನಿನ್ನ ಪಾತ್ರ ಮಾಡುತ್ತಿರುವ ಹುಡುಗಿಗೆ ನಮ್ಮ ಭಾಷೆ ಬಾರದು. ಅವಳಿಗೆ ದನಿ ಕೊಡಲು ಕರೆದಿರುವುದು ನನ್ನನ್ನು. ನಾನು ನಿನ್ನ ತಂಗಿ ಎನ್ನುವುದು ನಿರ್ದೇಶಕರಿಗೆ ಗೊತ್ತಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಯಾರೋ ಗೊತ್ತಿಲ್ಲದವಳು ನಿನ್ನ ದನಿಯಾಗುವುದಕ್ಕಿಂತ ನಾನೇ ಆಗುವುದು ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೋ, ದೊಡ್ಡ ಚಿತ್ರದ ಆಸೆಯನ್ನು ಮುಚ್ಚಲು ನಾನು ಹೊಲಿದುಕೊಂಡ ಅಂಗಿಯೋ, ಈಗಲೂ ನಿರ್ಧಾರವಾಗಿ ಹೇಳಲಾರೆ.

ಶುಕ್ರವಾರ ಅಳುವಿನ ದೃಶ್ಯ ಇತ್ತು. ನಟಿಯ ಅಳು ಮುಗಿಯುವ ಜಾಗದಲ್ಲಿ ನಿನ್ನ ನಿಜವಾದ ಅಳು ಶುರುವಾಗಬೇಕು, ಜೋಡಿಸಿದ್ದು ಯಾರಿಗೂ ಗೊತ್ತಾಗಬಾರದು ಎಂದು ನಿರ್ದೇಶಕರ ಅಪ್ಪಣೆ. ಅದಕ್ಕೆ ಮಾದರಿಯಾಗಿ ಟಿವಿಯ ಆ ತುಣುಕನ್ನು ಹಾಕಿದರು. ಹಾಕಿದ್ದು ನಮ್ಮ ಹಳೇ ರೆಕಾರ್ಡಿಂಗ್ ಎಂಜಿನಿಯರ್. ಗೋಡೆಯಾಚೆ ಸೊಳ್ಳೆ ಹಾರಿದರೂ ಟೇಕ್ ನಿಲ್ಲಿಸುತ್ತಾರೆಂದು ಭಾವ ಅವರಿಗೆ 'ಹಾವುಕಿವಿ' ಎಂದು ಹೆಸರಿಟ್ಟಿದ್ದರಲ್ಲ, ಅವರೇ.

ನಾನು ಅದನ್ನು ಅವತ್ತಿನವರೆಗೆ ನೋಡಿರಲಿಲ್ಲ. ನೀನು ನಂಬಲಿಕ್ಕಿಲ್ಲ. ಆ ವಾರವೆಲ್ಲ ನಿನ್ನ ಮನೆಯಲ್ಲಿ ಟಿವಿಯ ತಂತಿ ಕಿತ್ತಿಟ್ಟಿದ್ದವಳೇ ನಾನು. ಆಮೇಲೆ ಪ್ರತಿ ವರ್ಷ ಆ ದಿನ ಬಂದಾಗ, ಎಲ್ಲೇ ಇದ್ದರೂ ಎದ್ದು ಹೊರಗೆ ಹೋಗುತ್ತಿದ್ದೆ. ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಗೋಡೆಯ ಟಿವಿಯಲ್ಲಿ ನೀನು ಕಾಣಿಸಿಕೊಂಡಿದ್ದೀಯ. ಬಾಂಬಿನ ಭಯಕ್ಕೆ ನಿಲ್ಲಿಸಿದ ಕಾವಲಿನವನಿಗೆ ಬ್ಯಾಗು ತೆರೆದು ತೋರಿಸಿ ಒಳಗೆ ಹೋದರೆ ಒಳಗೆ ನೀನೇ ಇರುತ್ತಿದ್ದೆ.

ನನ್ನ ಕೆಲಸ ನಿನಗೆ ಗೊತ್ತು. ನನ್ನ ಕಣ್ಣು ಮೊದಲು ಮುಖ ನೋಡುವುದಿಲ್ಲ, ತುಟಿ ನೋಡುತ್ತದೆ. ತೆರೆಯ ಮೇಲೆ ನೀನು ಬಾಗಿಲಲ್ಲಿ ನಿಂತಿದ್ದೆ, ಟಿವಿ ವರದಿಗಾರನ ಮೈಕು ನಿನ್ನ ಗಲ್ಲಕ್ಕೆ ತಾಗುವಷ್ಟು ಹತ್ತಿರ. ನಿನ್ನ ಬಾಯಿ ತೆರೆಯಿತು. ಕಿವಿಗೆ ಕೇಳಿದ್ದು ಆರ್ತನಾದ. ತುಟಿ ಹೇಳಿದ್ದು ಬೇರೆ. ಮತ್ತೆ ಹಾಕಿ ಅಂದೆ, ದನಿ ತೆಗೆದು ಬರೀ ಚಿತ್ರ ಹಾಕಿ ಅಂದೆ. ತುಟಿ ಸ್ಪಷ್ಟವಾಗಿತ್ತು: "ಒಳಗೆ ಬನ್ನಿ, ನೀರು ಕುಡೀರಿ."

ಆಗ ನನಗೆ ಎಲ್ಲವೂ ನೆನಪಾಯಿತು. ನಿನ್ನ ಹಿಂದೆಯೇ ನಿಂತಿದ್ದೆನಲ್ಲ. ಓಡಿಬಂದ ಆ ವರದಿಗಾರ ಹುಡುಗ ಏದುಸಿರು ಬಿಡುತ್ತಿದ್ದ. ನಿನ್ನ ಗಂಡ ಸತ್ತ ಸುದ್ದಿ ಕೇಳಲು ಬಂದವನಿಗೆ ನೀನು ನೀರು ಕೊಟ್ಟೆ. ಅವನು ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೋದ. ನೀನು ಅತ್ತಿರಲಿಲ್ಲ ಅಕ್ಕಾ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಸಂಜೆ ನಿನ್ನ ಅತ್ತೆಯ ಕಡೆಯವರು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. "ಕಲ್ಲು ಕಣ್ರೀ, ಒಂದು ಹನಿ ಬಂತಾ ನೋಡಿ." ಟಿವಿಯಲ್ಲಿ ಅದು ಬಂದ ಮೇಲೆ ಅದೇ ಜನ ಬಂದು ನಿನ್ನನ್ನು ತಬ್ಬಿಕೊಂಡು ಅತ್ತರು. ಅವರೆಲ್ಲ ಹೀಗೇಕೆ ಬದಲಾದರು ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಇನ್ನು ಆ ದನಿ ಯಾರದು ಎಂಬ ಮಾತು.

ಹಾವುಕಿವಿಯವರು ಕನ್ನಡಕ ತೆಗೆದು ಒರೆಸುತ್ತ ಕೂತರು. ನನ್ನ ಕಡೆ ನೋಡಲಿಲ್ಲ. "ಇದು ನಿಮ್ಮದೇ ಅಲ್ವೇನಮ್ಮ?" ಅಂದರು.

ನನ್ನದೇ ಅಕ್ಕಾ. ಆ ಮಧ್ಯಾಹ್ನದ ಧಾರಾವಾಹಿಯಲ್ಲಿ ಕಳ್ಳರು ಒಡವೆ ಪೆಟ್ಟಿಗೆ ಹೊತ್ತೊಯ್ದಾಗ ದೊಡ್ಡ ಸೊಸೆ ಬಾಯಿ ಬಡಿದುಕೊಳ್ಳುವ ದೃಶ್ಯ ಇತ್ತಲ್ಲ, ಅದಕ್ಕೆ ನಾನು ಅತ್ತ ಅಳು. ಅದನ್ನು ರೆಕಾರ್ಡ್ ಮಾಡಿದ ದಿನ ಸ್ಟುಡಿಯೋದ ಲಿಫ್ಟ್ ಕೆಟ್ಟಿತ್ತು, ರಿಪೇರಿಗೆ ಭಾವ ಬಂದಿದ್ದರು. ಅವರ ಊಟದ ಡಬ್ಬಿ ಹಿಡಿದು ನೀನೂ ಬಂದಿದ್ದೆ. ತಂಗಿ ಕೆಲಸ ಮಾಡುವುದನ್ನು ನೋಡಬೇಕೆಂದು ಹಟ ಹಿಡಿದು ರೆಕಾರ್ಡಿಂಗ್ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ನಾವು ಹೀಗೆ ಅತ್ತದ್ದು, ನಕ್ಕದ್ದು, ಕೆಮ್ಮಿದ್ದು ಎಲ್ಲವನ್ನೂ ಸ್ಟುಡಿಯೋದವರು ಎತ್ತಿಟ್ಟುಕೊಳ್ಳುತ್ತಾರೆ, ಕಟ್ಟು ಕಟ್ಟಿ ಮಾರುತ್ತಾರೆ. ಯಾರೋ ಕೊಂಡರು, ಅವರಿಂದ ಆ ಟಿವಿಯವರ ಕೈಗೆ ಹೋಯಿತು. ಪರದೆಯ ಮೇಲೆ ನೀರು ಕೊಡುವ ವಿಧವೆ ಅವರಿಗೆ ಬೇಕಿರಲಿಲ್ಲ. ಆ ಕಟ್ಟಿನಲ್ಲಿದ್ದ ಒಂದು ಅಳುವನ್ನು ತೆಗೆದು ನಿನ್ನ ಬಾಯಿಗೆ ಅಂಟಿಸಿದರು. ಯಾರದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ನಿನಗೆ ಸಿಟ್ಟು ಬಂದಿರಬಹುದು. ನನಗೆ ಮೊದಲು ಬಂದದ್ದು ನಗು. ಆಮೇಲೆ ಸ್ಟುಡಿಯೋದ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಿದ್ದೆ.

ಹೇಳದೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಆ ಅಳು ನಿನ್ನನ್ನು ಕಾಪಾಡಿದೆ. ನಿನ್ನ ಅತ್ತೆ ಕೊನೆಯವರೆಗೂ ನಿನ್ನ ಕೈ ಹಿಡಿದುಕೊಂಡೇ ಇದ್ದರು. ಅದನ್ನು ಈಗ ಕಿತ್ತುಕೊಂಡು ಏನು ಸಾಧಿಸುತ್ತೇನೆ? ನನ್ನ ಎದೆಯ ಭಾರ ಇಳಿಸಲು ನಿನ್ನ ಎದೆಯ ಮೇಲೆ ಹೇರುತ್ತಿದ್ದೇನೆಯೆ? ನಿನ್ನೆ ಇಡೀ ದಿನ ಇದನ್ನೇ ಯೋಚಿಸಿದೆ.

ಆದರೆ ನಮ್ಮ ಬೀದಿಯ ಟೈಲರ್ ಮಾಮ ಕಣ್ಣ ಮುಂದೆ ಬಂದರು. ನಿನ್ನ ಮಗಳು ಪುಟ್ಟಿಯ ಶಾಲೆಯ ಸಮವಸ್ತ್ರಕ್ಕೆ, ಅವಳು ಬೇಗ ಬೆಳೆಯುತ್ತಾಳೆಂದು, ಕೇಳದೆಯೇ ಒಳಗಡೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದವರು. ಸ್ಫೋಟದ ದಿನ ಬಟ್ಟೆಯ ಗಂಟು ಹೊತ್ತು ಅದೇ ನಿಲ್ದಾಣದಲ್ಲಿ ಇಳಿದದ್ದೇ ಅವರ ತಪ್ಪು. ಟಿವಿಯವರು ಅವರ ಮುಖಕ್ಕೆ ಕೆಂಪು ವೃತ್ತ ಹಾಕಿದರು. ಪರದೆಯ ಅರ್ಧಕ್ಕೆ ಅವರು, ಇನ್ನರ್ಧಕ್ಕೆ ನೀನು, ಎರಡಕ್ಕೂ ಸೇರಿ ಆ ಅಳು. ಪೊಲೀಸರು ಅವರದೇನೂ ಇಲ್ಲ ಎಂದು ಬಿಟ್ಟು ಕಳಿಸುವ ಹೊತ್ತಿಗೆ ಅಂಗಡಿಯ ಗಾಜು ಉಳಿದಿರಲಿಲ್ಲ. ಕಲ್ಲು ಎಸೆದವರು ಯಾರೋ ಹೊರಗಿನವರಲ್ಲ, ನಮಗೆ ದಿನಾ ಕೈ ಬೀಸುತ್ತಿದ್ದ ಜನ. ಬಾಂಬಿಟ್ಟವರು ಭಾವನನ್ನು ಕೊಂದರು. ನಮ್ಮ ಬೀದಿಯನ್ನು ಕೊಲ್ಲಲು ಅವರು ಬರಬೇಕಾಗಲಿಲ್ಲ, ಒಂದು ಅಳು ಸಾಕಾಯಿತು. ಈ ಚಿತ್ರದಲ್ಲೂ ಗಂಟು ಹೊತ್ತ ಒಬ್ಬ ದರ್ಜಿ ಇದ್ದಾನೆ ಅಕ್ಕಾ. ಅವನೇ ಖಳ. ನೀನು ಸಹಿ ಹಾಕಿದರೆ ಆ ಅಳು ಮತ್ತೆ ಅವನ ಮುಖದ ಮೇಲೆಯೇ ಹರಿಯುತ್ತದೆ.

ಅದಕ್ಕೇ ನಿನ್ನೆ ಸಂಜೆ ನಿರ್ದೇಶಕರಿಗೆ ನಾನು ಯಾರೆಂದು ಹೇಳಿ, ಎಲ್ಲ ವಿವರಿಸಿದೆ. ಕೆಟ್ಟ ಮನುಷ್ಯನಲ್ಲ. ಬೆಚ್ಚಿಬಿದ್ದರು. ಆಮೇಲೆ ತಲೆ ತುರಿಸಿಕೊಂಡು, "ಮೇಡಂ, ಅದು ಯಾರದಾದರೇನು, ದೇಶವೆಲ್ಲ ನಂಬಿದೆಯಲ್ಲ? ಆ ಅಳುವಿನ ಕೊನೆಗೆ ಒಂದು ಬಿಕ್ಕು ಬರುತ್ತೆ ನೋಡಿ, ಅದನ್ನ ಯಾವ ನಟಿಯೂ ಮಾಡೋಕಾಗಲ್ಲ. ಅಲ್ಲೇ ಜನ ಕಣ್ಣೊರೆಸಿಕೊಳ್ಳೋದು" ಅಂದರು. ನಾನು ಅಳುವುದಿಲ್ಲ, ಬೇಕಾದರೆ "ಒಳಗೆ ಬನ್ನಿ, ನೀರು ಕುಡೀರಿ" ಅನ್ನುತ್ತೇನೆ ಅಂದೆ. ಹಾಗೆಯೇ ಒಂದು ಟೇಕ್ ಕೊಟ್ಟೂ ಬಂದೆ. ಮೆತ್ತಗೆ, ನೀನು ಹೇಳಿದ ಹಾಗೆಯೇ. ಹಾವುಕಿವಿಯವರು ಟೇಕ್ ಚೆನ್ನಾಗಿತ್ತು ಅನ್ನಲಿಲ್ಲ. ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು. ಮನೆಯವರು ಸಹಿ ಹಾಕದಿದ್ದರೆ ಹಳೇ ತುಣುಕನ್ನು ಕೈಬಿಡುತ್ತೇನೆ ಎಂದು ನಿರ್ದೇಶಕರು ಹೇಳಿದ್ದಾರೆ. ನನ್ನ ಟೇಕ್ ಇಟ್ಟುಕೊಳ್ಳುತ್ತಾರೋ, ನನ್ನ ಜಾಗಕ್ಕೆ ಬೇರೆಯವಳನ್ನು ತರುತ್ತಾರೋ, ದರ್ಜಿಯ ಪಾತ್ರವನ್ನು ಏನು ಮಾಡುತ್ತಾರೋ, ಅದು ನಮ್ಮ ಕೈಯಲ್ಲಿಲ್ಲ. ಸಹಿ ಮಾತ್ರ ನಿನ್ನ ಕೈಯಲ್ಲಿದೆ.

ಸಾಕ್ಷಿ ಅಂದೆಯಲ್ಲ. ನಿನ್ನ ಕನ್ನಡಕದ ಅಂಗಡಿ ಇರುವುದು ಲಿಫ್ಟ್ ಇರುವ ಕಟ್ಟಡದ ಮೇಲಿನ ಮಹಡಿಯಲ್ಲಿ. ಭಾವ ಹೋದಾಗಿನಿಂದ ನೀನು ಲಿಫ್ಟ್ ಹತ್ತಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲೇರುತ್ತೀಯ, ಕೇಳಿದವರಿಗೆ ವ್ಯಾಯಾಮ ಅನ್ನುತ್ತೀಯ. "ನಾನು ಜನರನ್ನು ಮೇಲಕ್ಕೆ ಕಳಿಸುವವನು" ಎಂದು ಭಾವ ಎಲ್ಲರಿಗೂ ಪರಿಚಯ ಹೇಳಿಕೊಳ್ಳುತ್ತಿದ್ದದ್ದು, ನೀನು "ಸಾಕು ಸುಮ್ಮನಿರಿ" ಎಂದು ಗದರುತ್ತಿದ್ದದ್ದು ನಾನು ಮರೆತಿಲ್ಲ. ನಿನಗೆ ಬೇರೆ ಸಾಕ್ಷಿ ಯಾತಕ್ಕೆ? ಲೋಕಕ್ಕೆ ತೋರಿಸುವ ಅಳು ನನ್ನ ಕಸುಬು, ನಾನು ಬೇಕಾದಷ್ಟು ಅಳಬಲ್ಲೆ. ಆ ಮೆಟ್ಟಿಲು ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ.

ಪುಟ್ಟಿಗೆ ನೀನೇ ಹೇಳು. ಅಪ್ಪನ ನೆನಪು ಅಂದರೆ ಅವಳಿಗೆ ಫೋನಿನಲ್ಲಿರುವ ಆ ತುಣುಕೇ ಆಗಿಬಿಟ್ಟಿದೆ. ಅಮ್ಮ ಅವತ್ತು ಬಾಗಿಲಿಗೆ ಬಂದವನಿಗೆ ನೀರು ಕೊಟ್ಟಳು ಎಂದು ಅವಳಿಗೆ ತಿಳಿಯಲಿ. ಕಾಲೇಜಿಗೆ ಹೋಗುವ ಹುಡುಗಿ, ತಡೆದುಕೊಳ್ಳುತ್ತಾಳೆ.

ನನ್ನ ಮೇಲೆ ಸಿಟ್ಟಿದ್ದರೆ ಫೋನ್ ಮಾಡಿ ಬೈದುಬಿಡು. ಸುಮ್ಮನೆ ಮಾತ್ರ ಇರಬೇಡ.

ನಿನ್ನ ನೆರಳಲ್ಲೇ ಬೆಳೆದ,
ತಂಗಿ

ಮತ್ತೆ: ಕಾಗದ ಮಡಿಸಿದ ಮೇಲೆ ಇದನ್ನು ಬರೆಯದೆ ಇರಲಾರೆ ಅನ್ನಿಸಿತು. ನಿರ್ದೇಶಕರು ಮೆಚ್ಚಿದ ಆ ಕೊನೆಯ ಬಿಕ್ಕು ನನ್ನದಲ್ಲ. ನನ್ನ ಉಸಿರು ಅದಕ್ಕೆ ಮೊದಲೇ ಮುಗಿದಿರುತ್ತದೆ. ಇವತ್ತು ಬೆಳಿಗ್ಗೆ ಹಾವುಕಿವಿಯವರು ನನಗಾಗಿ ಸ್ಟುಡಿಯೋ ತೆರೆದು ಅಷ್ಟನ್ನೇ ಬೇರೆ ಮಾಡಿ ಕೇಳಿಸಿದರು. ಅದು ಮೈಕಿನಿಂದ ದೂರ, ಮೂಲೆಯ ಕಡೆಯಿಂದ ಬರುತ್ತದೆ. ನಿನಗೆ ನೆನಪಿದೆಯೆ? ನಾನು ಒಡವೆಗಾಗಿ ಬಾಯಿ ಬಡಿದುಕೊಳ್ಳುತ್ತಿದ್ದಾಗ, ಗಾಜಿನಾಚೆ ಭಾವ ಸ್ಕ್ರೂಡ್ರೈವರನ್ನು ಮೈಕಿನ ಹಾಗೆ ಹಿಡಿದುಕೊಂಡು, ಕಣ್ಣು ಮುಚ್ಚಿ, ನನ್ನಂತೆಯೇ ಬಾಯಿ ಅಗಲಿಸಿ ಅತ್ತರಲ್ಲ. ನೀನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆದರೂ ತಡೆಯಲಾಗದೆ ಒಂದು ಚೂರು ಹೊರಗೆ ಬಂತು. ಇಷ್ಟು ವರ್ಷ ಜನ ಕಣ್ಣೊರೆಸಿಕೊಂಡದ್ದು ಆ ಚೂರಿಗೆ. ಅದು ಭಾವ ನಿನ್ನನ್ನು ನಗಿಸಿದ್ದು ಅಕ್ಕಾ. ಅಷ್ಟನ್ನು ಕತ್ತರಿಸಿ ತೆಗೆದಿಟ್ಟುಕೊಂಡಿದ್ದೇನೆ. ಯಾರಿಗೂ ಕಳಿಸುವುದಿಲ್ಲ. ನೀನು ಬಾ, ಕೇಳಿಸುತ್ತೇನೆ.