ಲಿಯೆನ್‌ಗೆ ಬೊಕ್ ಚೋಯ್ ಸೂಪು

ನರಿಕೊಂಬು, ಬಂಟ್ವಾಳ
17 ನವೆಂಬರ್ 2024

ನನ್ನ ಮಗು ಜಿತೇಶ್,

ಹೇಗಿದ್ದಿ? ಬೆನ್ನುನೋವು ಕಡಿಮೆಯಾಯಿತೇ? ಹೋಟೆಲಿನಲ್ಲಿ ಊರವರಿಗೆಲ್ಲ ಬಡಿಸುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ದಿನವೂ ನಾನೂ ನಿನ್ನ ಹೆಂಡತಿಯೂ ಫೋನ್ ಮಾಡುತ್ತೇವೆ, ನೀನು ತೆಗೆಯುವುದಿಲ್ಲ. ಕಾಯಿಲೆ ಬಿದ್ದಿದ್ದೀಯೋ ಏನೋ ಎಂದು ಹೆದರಿಕೆ. ಪಕ್ಕದ ಮನೆಯ ಖದೀಜಳ ಮಗ ಅಶ್ರಫ್ ಇವತ್ತು ನೀನಿರುವ ಮಸ್ಕತ್‌ಗೆ ವಾಪಸು ಹೊರಟಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಹೆಂಡತಿಗೆ ಏಳು ತಿಂಗಳು ತುಂಬಿತು. ಹೆರಿಗೆಗೆಂದು ನೀನು ಲಿಯೆನ್‌ಳನ್ನು ಇಲ್ಲಿ ಬಿಟ್ಟು ಹೋದ ಮೇಲೆ ಅವಳು ಸೊರಗುತ್ತಲೇ ಇದ್ದಾಳೆ. ಮೀನುಸಾರಿನ ವಾಸನೆಗೇ ವಾಂತಿ, ಗಂಜಿ ಗಂಟಲಿಗಿಳಿಯದು. ಮಗುವಿನ ತೂಕ ಸಾಲದು, ಹೀಗೇ ಆದರೆ ಅಡ್ಮಿಟ್ ಮಾಡಬೇಕು ಎಂದರು ಡಾಕ್ಟರಮ್ಮ. ಏನು ಬೇಕು ಮಗಳೇ ಎಂದರೆ ಮೊಬೈಲಿನಲ್ಲಿ ಒಂದು ಸೊಪ್ಪಿನ ಚಿತ್ರ ತೋರಿಸಿದಳು. ಬೊಕ್ ಚೋಯ್ ಅಂತೆ, ಅವಳ ವಿಯೆಟ್ನಾಮಿನಲ್ಲಿ ಮನೆಮನೆಯಲ್ಲೂ ಬೇಯುವುದಂತೆ. ಬಂಟ್ವಾಳ ಪೇಟೆಯೆಲ್ಲ ಕೇಳಿದೆ, ಬೆಳ್ತಂಗಡಿ ಸಂತೆಗೂ ಹೋದೆ. “ಅದೆಂತ ಸೊಪ್ಪು ಮಾರಾಯ್ರೆ, ಹರಿವೆ ಉಂಟು, ಕೊಡುವುದಾ?” ಎಂದರು. ಕೊನೆಗೆ ನಿನ್ನ ಅಕ್ಕ ವಿಜೇತಾ, ಮೂಡುಬಿದಿರೆಯಲ್ಲಿ ಯಾರೋ ತಾರಸಿಯ ಮೇಲೆ ಬೆಳೆಸಿದ್ದನ್ನು ತಂದುಕೊಟ್ಟಳು. ದಪ್ಪ ಬಿಳಿ ದಂಟು, ಮುದ್ದಾದ ಎಲೆ. ನಾನು ಸಣ್ಣಗೆ ಹೆಚ್ಚಿ, ಸಾಸಿವೆ ಒಗ್ಗರಣೆ ಕೊಟ್ಟು, ತೆಂಗಿನತುರಿ ಹಾಕಿ ಪಲ್ಯ ಮಾಡಿಟ್ಟೆ. ತಟ್ಟೆ ನೋಡಿ ಅವಳು ಅತ್ತುಬಿಟ್ಟಳು.

ಮರುದಿನ ಗೋಡೆ ಹಿಡಿದುಕೊಂಡು ಅವಳೇ ಅಡುಗೆಮನೆಗೆ ಬಂದಳು. ಶುಂಠಿ, ನೀರುಳ್ಳಿ ಸುಟ್ಟು, ಕೋಳಿಯ ಎಲುಬಿನೊಂದಿಗೆ ಕುದಿಸಲು ಸನ್ನೆಯಲ್ಲೇ ಹೇಳಿದಳು. ಸೋಸಿದ ನೀರಿಗೆ ಮೊದಲು ದಂಟು, ಆಮೇಲೆ ಎಲೆ. ಎಲೆ ಬಾಡಿತೋ ಇಲ್ಲವೋ, “ಅಮ್ಮ, ಯಾವು” ಎಂದು ನನ್ನ ಕೈ ಹಿಡಿದಳು. ಸಾಕು ಎನ್ನಲು ನಮ್ಮ ತುಳುವಿನ ಆ ಒಂದು ಶಬ್ದ ಕಲಿತಿದ್ದಾಳೆ ಪಾಪ. ಬಟ್ಟಲು ಎತ್ತಿಕೊಂಡವಳು ಕುಡಿಯುವ ಮೊದಲು “ಜಿತೇಶ್ ಫೋನ್?” ಎಂದು ಕೇಳಿದಳು. “ಬಂದಿತ್ತು, ಅವನಿಗೆ ಕೆಲಸ ಜಾಸ್ತಿ ಉಂಟು” ಎಂದು ಹೌದೆನ್ನುವಂತೆ ತಲೆಯಾಡಿಸಿದೆ. ಆಗ ಕುಡಿದಳು. ಅಲ್ಲಿಂದ ದಿನವೂ ಸೂಪಿನ ಜೊತೆ ಆ ಸುಳ್ಳನ್ನೂ ಬಡಿಸಿದೆ. ನಿನ್ನೆ ನನ್ನ ಮೊಬೈಲ್ ತೆಗೆದು ನೋಡಿದಳು. ನಿನ್ನಿಂದ ಬಂದ ಕರೆ ಒಂದೂ ಇಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ದೂಡಿದಳು. ಆಮೇಲೆ ಒಂದು ತೊಟ್ಟೂ ಇಳಿದಿಲ್ಲ. ಬೇಡಿಕೊಂಡೆ, ಗದರಿದೆ. ಇನ್ನೇನು ಮಾಡಲಿ, ನನಗೆ ದಾರಿ ಕಾಣುವುದಿಲ್ಲ ಮಗಾ.

ನೀನಿರುವಲ್ಲಿ ದೇವರು ನಿನ್ನನ್ನು ಕಾಯಲಿ. ಅಕ್ಕ, ಭಾವ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಮ್ಮ,
ಕಾಂತಿ

ಮತ್ತೆ: ಅಶ್ರಫ್ ಕಾಗದ ಒಯ್ಯಲು ಬಂದು ಜಗಲಿಯಲ್ಲಿ ನಿಂತಿದ್ದಾನೆ. ನಿನ್ನ ಬಗ್ಗೆ ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದ: “ಅವನಿಗೆ ಎಂತದೂ ಆಗಿಲ್ಲ ಅಮ್ಮ. ಬೇಕೂಂತಲೇ ಫೋನ್ ತೆಗೆಯುವುದಿಲ್ಲ. ಇನ್ನು ಊರಿಗೆ ಬರುವುದಿಲ್ಲ ಅಂತಾನೆ.” ಬಾಗಿಲಲ್ಲಿದ್ದ ಲಿಯೆನ್‌ಗೆ ಮಾತು ತಿಳಿಯಲಿಲ್ಲ, ನನ್ನ ಮುಖ ನೋಡಿ ತಿಳಿಯಿತು. ರಿಕ್ಷಾ ಕರೆಸಿದ್ದೇನೆ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬರುವುದಿಲ್ಲವಾದರೆ ಅದನ್ನು ನಿನ್ನ ಬಾಯಿಂದಲೇ ಅವಳಿಗೆ ಹೇಳು. ನಿನ್ನ ಪರವಾಗಿ ಸುಳ್ಳು ಹೇಳಲು ಇನ್ನು ನನ್ನಿಂದಾಗದು. ನೀನು ಏನೇ ಹೇಳು, ಹೆತ್ತ ಮೇಲೆ ಅವಳೂ ಮಗುವೂ ಈ ಮನೆಗೇ ಬರುತ್ತಾರೆ.