ಎರಡು ವಾಚು, ಒಂದು ಕೈ

ಕಾಸರಕೋಡ, ಹೊನ್ನಾವರ
ನವೆಂಬರ್ ೧೪, ೨೦೨೪

ಮಗಳು ಅಂಕಿತಾಳಿಗೆ ಆಯಿಯ ಪ್ರೀತಿಯ ಆಶೀರ್ವಾದ.

ಫೋನು ಬಿಟ್ಟು ಇದೆಂತ ಪತ್ರ ಎಂದು ನಗಬೇಡ. ಬೋಟಿಗೆ ಸ್ವಲ್ಪ ರಜೆ, ಅಪ್ಪ ಇಡೀ ದಿನ ಮನೆಯಲ್ಲೇ ಇರುತ್ತಾರೆ. ನಾನು ಫೋನು ಎತ್ತಿದರೆ ಸಾಕು, ಅವರ ಕಿವಿ ಇತ್ತಲೇ.

ಕಟ್ಟಿ ನೋಡಿ ಬೇಡದ್ದನ್ನು ಮರಳಿಸಿ ಎಂದು ಭಟ್ಕಳದ ಅಂಗಡಿಯವರು ಕೊಟ್ಟ ಎರಡೂ ವಾಚು ಬಸ್ಸಿನ ಕಂಡಕ್ಟರನ ಕೈಯಿಂದ ಬಂದು ಮುಟ್ಟಿದವು. ನಿನ್ನ ಮದುವೆಗೆ ಬಾರದ ಅಪ್ಪನಿಗೆ ನೀನೇ ಮೊದಲು ಉಡುಗೊರೆ ಕಳಿಸಿದೆಯಲ್ಲ, ನನಗೆ ಅಳುವೇ ಬಂತು ಮಾರಾಯ್ತಿ.

ಎರಡಕ್ಕೂ ಸೆಲ್ ಬೇಡ. ನೀಲಿಯದು ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ. ನೀರಿಗೂ ಹೆದರದು, ಕತ್ತಲಲ್ಲೂ ಮುಳ್ಳು ಹೊಳೆಯುತ್ತದೆ. ಬಿಳಿಯದು ತೆಳ್ಳಗೆ, ಹಗುರ. ಆದರೆ ದಿನಾ ಕೀ ಕೊಡಬೇಕು, ನೀರು ತಾಗಿಸಬಾರದು. ಬೋಟು ನಡೆಸುವವರಿಗೆ ನೀಲಿಯದೇ ಸೈ ಎಂದು ನೀನು ಬರೆದದ್ದು ಸರಿ. ಆದರೂ ಬಿಳಿಯದೇ ಇರಲಿ ಮಗಾ. ನೀಲಿಯದು ಭಾರ. ಮತ್ತೆ, ನಾನು ಅಪ್ಪನಿಗೆ ಅದನ್ನು ಕಟ್ಟಿದ ಎರಡೇ ದಿನಕ್ಕೆ ನಿಂತೂ ಹೋಯಿತು. ಬೇರೆ ಕೆಲಸಕ್ಕೆ ಕುಮಟಾಕ್ಕೆ ಹೋದಾಗ ರಿಪೇರಿಯವನಿಗೆ ತೋರಿಸಿದೆ. ಅವನು ಅಲ್ಲಾಡಿಸಿ ನೋಡಿ, ವಾಚಿಗೆ ಎಂತದೂ ಆಗ್ಲಿಲ್ಲ ಅಕ್ಕಾ ಎಂದ.

ಇಷ್ಟು ಬರೆಯುವಷ್ಟರಲ್ಲಿ ಎಷ್ಟು ಸಲ ಎದ್ದು ಒಳಗೆ ಹೋಗಿ ಬಂದೆನೋ. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನಿನ್ನನ್ನು ಕರೆಯೋಣವೆಂದರೆ, ಕರೆಯಬಾರದು, ಮನೆಯ ಸುದ್ದಿ ಹೇಳಬಾರದು ಎಂದು ಅಪ್ಪ ಆಣೆ ಹಾಕಿಸಿದ್ದಾರೆ. ಅವ್ಳಿಗೆ ಮನಸ್ಸಿದ್ರೆ ಬರ್ಲಿ, ಪಾಪ ಅಂತ ಬರೂದು ಬೇಡ ಎನ್ನುತ್ತಾರೆ. ಎಂತ ಹಟವೋ, ಅಪ್ಪ ಮಗಳು ಇಬ್ಬರದೂ ಒಂದೇ ಅಚ್ಚು! ನಡುವೆ ನಾನು ಬೇಯುತ್ತಿದ್ದೇನೆ.

ಅಳಿಯಂದಿರಿಗೆ ನೆನಪು ಹೇಳು.

ನಿನ್ನ ಆಯಿ,
ಗಂಗಿ

ತಾ.ಕ.: ನೀಲಿ ವಾಚನ್ನು ಮರಳಿಸುವ ತನಕ ನಾನೇ ಕಟ್ಟಿಕೊಂಡಿದ್ದೇನೆ. ಗುಡಿಸುವಾಗ, ಬಟ್ಟೆ ಒಗೆಯುವಾಗ ಚೆಂದ ಓಡುತ್ತದೆ. ಅಪ್ಪನ ಎಡಗೈಯಲ್ಲಿ ಮಾತ್ರ ನಿಲ್ಲುತ್ತದೆ. ಬಿಳಿಯದನ್ನು ಅವರು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಬಲಗೈಯಿಂದ ದಿನಾ ತಾವೇ ಕೀ ಕೊಡುತ್ತಾರೆ. ಆಣೆ ಮುರಿದಿಲ್ಲ ನಾನು, ವಾಚಿನ ಸುದ್ದಿಯಷ್ಟೇ ಬರೆದಿದ್ದೇನೆ. ಬಿಳಿಯದರ ಬೆಲ್ಟು ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವುದಿಲ್ಲ. ಇದನ್ನು ನಾನು ಕಟ್ಟಲು ಹೋದರೆ ಬೇಡ ಎನ್ನುತ್ತಾರೆ, ಕೊಟ್ಟವ್ಳೇ ಬಂದು ಕಟ್ಲಿ ಅಂತೆ.