ಕಲ್ಲಿದ್ದಲ ರೈಲು ನಿಂತ ಮೇಲೆ ಹುಟ್ಟಿದ ಅಪಾಯ

ರೈಲ್ವೆ ಆಸ್ತಿ ವಿಭಾಗದ ಹಿರಿಯ ಅಧಿಕಾರಿಗಳೇ,

ಹೆಕ್‌ಥಾರ್ಪ್ ಬ್ಯಾಂಡಿನ ಅಭ್ಯಾಸದ ಕೊಠಡಿಯನ್ನು ಈ ತಿಂಗಳ ಕೊನೆಯೊಳಗೆ ತೆರವು ಮಾಡಬೇಕೆಂದು ತಾವು ಕಳಿಸಿದ ನೋಟೀಸು ತಲುಪಿದೆ. ಕಾರಣವನ್ನೂ ತಾವೇ ದಯಮಾಡಿ ತಿಳಿಸಿದ್ದೀರಿ: ಕೊಠಡಿಯ ಗೋಡೆ ಹಳಿಯಿಂದ ಹನ್ನೆರಡೇ ಅಡಿ ದೂರವಿದೆ, ಆದ್ದರಿಂದ ಒಳಗಿರುವವರ ಪ್ರಾಣಕ್ಕೆ ಅಪಾಯ. ನಮ್ಮ ಪ್ರಾಣದ ಬಗ್ಗೆ ತಮಗಿರುವ ಕಾಳಜಿಗೆ ವಂದನೆಗಳು. ಆದರೆ ಒಂದು ಸಣ್ಣ ಸಂಶಯ. ಇದೇ ಹಳಿಯ ಮೇಲೆ ವಿದ್ಯುತ್ ಸ್ಥಾವರಕ್ಕೆ ದಿನಕ್ಕೆ ನಲವತ್ತು ಕಲ್ಲಿದ್ದಲ ರೈಲು ಓಡುತ್ತಿದ್ದ ಕಾಲದಲ್ಲಿ ನಾವು ಇದೇ ಗೋಡೆಗೆ ಬೆನ್ನು ಕೊಟ್ಟು ತುತ್ತೂರಿ ಊದುತ್ತಿದ್ದೆವು. ಆಗ ನಮ್ಮ ಪ್ರಾಣ ತಮ್ಮ ಕಚೇರಿಗೆ ನೆನಪಾಗಲಿಲ್ಲ. ನಲವತ್ತು ಹನ್ನೆರಡಾಯಿತು, ಹನ್ನೆರಡು ಎರಡಾಯಿತು, ಕೊನೆಗೆ ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳೂಕಾಲಿನದೊಂದೇ ಉಳಿಯಿತು. ಕಳೆದ ಜನವರಿಯಲ್ಲಿ ಸ್ಥಾವರ ಮುಚ್ಚಿ ಅದೂ ನಿಂತಿತು. ಈಗ ಹಳಿಯ ನಡುವೆ ಮುಳ್ಳುಗಿಡ ಬೆಳೆದು ಮೊಲಗಳು ಸಂಸಾರ ಹೂಡಿವೆ. ಈ ಹಳಿಯಿಂದ ನಮಗೆ ಆಗಬಹುದಾದ ಅನಾಹುತವಾದರೂ ಏನು? ಅದು ಎದ್ದು ಬಂದು ಕಚ್ಚುತ್ತದೆಯೇ?

ತಮ್ಮ ಕಡೆಯಿಂದ ಹಳದಿ ಅಂಗಿಯ ಮಹಾಶಯರೊಬ್ಬರು ಟೇಪು ಹಿಡಿದು ಅಳತೆಗೆ ಬಂದಿದ್ದರು. ಬಹಳ ಸಭ್ಯರು, ನಾನು ಕೊಟ್ಟ ಚಹಾವನ್ನೂ ಕುಡಿದರು.

"ನೀವು ಹಳಿಗೆ ತುಂಬಾ ಹತ್ರ ಇದೀರಿ ಮೇಡಂ," ಅಂದರು.

"ರೈಲೆಲ್ಲಿದೆಯಪ್ಪಾ?" ಅಂದೆ.

"ರೈಲಿಲ್ಲ ಮೇಡಂ. ಆದ್ರೆ ಹಳಿ ಇದೆಯಲ್ಲ."

"ಮತ್ತೆ ಹಳಿ ಕಿತ್ತುಕೊಂಡು ಹೋಗಿ."

"ಹಳಿ ಕೀಳೋದು ಬೇರೆ ವಿಭಾಗ ಮೇಡಂ. ನಮ್ದು ಬರೀ ಗೋಡೆ."

ಇಷ್ಟು ಸ್ಪಷ್ಟವಾದ ಉತ್ತರ ಸರ್ಕಾರಿ ಬಾಯಿಂದ ಬಂದದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೊಂದು ಕಪ್ ಚಹಾ ಕೊಟ್ಟು ಕಳಿಸಿದೆ.

ಹಾಗೆಂದು ಆ ರೈಲುಗಳಿಂದ ನಮಗೆ ತೊಂದರೆಯೇ ಆಗಲಿಲ್ಲ ಎನ್ನಲಾರೆ. ಕಲ್ಲಿದ್ದಲು ಸುರಿದು ಹಿಂದಿರುಗುವ ಖಾಲಿ ಬಂಡಿಗಳ ಸದ್ದು ತಮಗೆ ಗೊತ್ತಿರಲಾರದು. ಪಕ್ಕದವಳು ಕೆಮ್ಮಿದರೂ ಕೇಳಿಸುತ್ತಿರಲಿಲ್ಲ, ಇನ್ನು ಸಂಗೀತವೆಲ್ಲಿಂದ ಬರಬೇಕು? ಅದಕ್ಕೆ ನಮ್ಮ ಹಿರಿಯರು ಒಂದು ರೂಢಿ ಮಾಡಿದ್ದರು. ಗಡಗಡ ಶುರುವಾದೊಡನೆ ಡ್ರಮ್ಮಿನವನು ಕೋಲು ಕೆಳಗಿಡುತ್ತಾನೆ. ಇಪ್ಪತ್ತೈದು ಜನವೂ ವಾದ್ಯವನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂರುತ್ತೇವೆ. ಅವನು ಬಂಡಿಗಳನ್ನು ಎಣಿಸುತ್ತಾನೆ. ಕೊನೆಯದಾದ ಇಪ್ಪತ್ತೊಂದನೆಯ ಬಂಡಿ ದಾಟಿದ ಕೂಡಲೇ ಕೋಲು ಎತ್ತುತ್ತಾನೆ, ಬಿಟ್ಟ ಸ್ವರದಿಂದಲೇ ಮತ್ತೆ ಹಿಡಿಯುತ್ತೇವೆ. ಐವತ್ತು ವರ್ಷದಲ್ಲಿ ಒಬ್ಬರೂ ಒಂದು ಸ್ವರ ಹಿಂದೆಮುಂದೆ ಆದದ್ದಿಲ್ಲ. ನಮ್ಮಣ್ಣ ವಾಲ್ಟರ್ ಇಪ್ಪತ್ತು ವರ್ಷದಿಂದ ಮುಂದೆ ನಿಂತು ಕೈ ಬೀಸಿ ನಡೆಸುವ ಬ್ಯಾಂಡಿನ ಮುಖ್ಯಸ್ಥ, ಹೊಟ್ಟೆಪಾಡಿಗೆ ಆ ಕಲ್ಲಿದ್ದಲ ರೈಲಿನ ಚಾಲಕನಾಗಿದ್ದ. ಪಾಳಿ ಬಿದ್ದ ಸಂಜೆ ಅಭ್ಯಾಸಕ್ಕೆ ಬರಲಾಗದಿದ್ದರೂ ಸುಮ್ಮನಿರುತ್ತಿರಲಿಲ್ಲ. ಎಂಜಿನ್ನಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಏ ಎನಿಡ್, ನಿನ್ ಹಾರ್ನಿನ ಸ್ವರ ಇವತ್ತೂ ಕೆಳಗೇ ಇದೆ ಕಣೇ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಹೋಗುತ್ತಿದ್ದ. ನನ್ನ ಮಾನ ಎಷ್ಟೋ ಸಲ ತಮ್ಮ ಹಳಿಯ ಮೇಲೆ ಹೋಗಿದೆ.

ಆ ರೂಢಿ ನಮಗೆ ಮಾಡಿದ ಉಪಕಾರವನ್ನೂ ಕೇಳಿ. ಏಪ್ರಿಲ್‌ನಲ್ಲಿ ಲೀಡ್ಸ್‌ನಲ್ಲಿ ಬ್ಯಾಂಡುಗಳ ಸ್ಪರ್ಧೆ ಇತ್ತು. ಪದ್ಧತಿಯಂತೆ ತೀರ್ಪುಗಾರರನ್ನು ನಾಲ್ಕೂ ಕಡೆ ಬಟ್ಟೆ ಕಟ್ಟಿದ ಗೂಡಿನೊಳಗೆ ಕೂರಿಸಿದ್ದರು, ನುಡಿಸುವುದು ಯಾವ ಊರಿನವರೆಂದು ಕಾಣಬಾರದಲ್ಲ. ನಾವು ನಿಧಾನಗತಿಯ ಭಾಗಕ್ಕೆ ಬಂದಿದ್ದೆವು, ಸಭಾಂಗಣ ಉಸಿರು ಹಿಡಿದು ಕೇಳುತ್ತಿತ್ತು. ಅಷ್ಟರಲ್ಲಿ ವೇದಿಕೆಯ ಹಿಂದೆ ಯಾರೋ ಪುಣ್ಯಾತ್ಮರು ಚಹಾದ ಕಪ್-ಬಸಿಗಳ ತಳ್ಳುಗಾಡಿ ಗಡಗಡ ಎಂದು ತಳ್ಳಿದರು. ಡ್ರಮ್ಮಿನ ಪರ್ಸಿ ಕೋಲು ಕೆಳಗಿಟ್ಟ. ನಾವೆಲ್ಲ ವಾದ್ಯ ಕೆಳಗಿಳಿಸಿದೆವು. ನಮ್ಮಣ್ಣನ ಕೈಯೂ ಕೆಳಗಿಳಿಯಿತು. ತಳ್ಳುಗಾಡಿ ನಿಂತರೂ ನಾವು ಶುರು ಮಾಡಲಿಲ್ಲ, ಇಪ್ಪತ್ತೊಂದು ಆಗಬೇಕಲ್ಲ! ಕೊನೆಗೆ ಬಟ್ಟೆಯ ಗೂಡಿನೊಳಗಿಂದ ದನಿ ಬಂತು: "ಹಲೋ... ಯಾರಾದ್ರೂ ಇದೀರಾ?"

"ಹದಿನೇಳು," ಅಂದ ಪರ್ಸಿ. "ಇನ್ನೂ ನಾಲ್ಕಿದೆ, ಸುಮ್ನಿರಿ ಸಾರ್."

ತೀರ್ಪುಗಾರರು ತಮ್ಮ ಹಾಳೆಯಲ್ಲಿ ಬರೆದದ್ದು ಎರಡೇ ಸಾಲು. ನಡುವಿನ ಮೌನ ಅತ್ಯಂತ ಧೀರವಾಗಿತ್ತು. ಆದರೆ ಸಂಗೀತ ಬರೆದವರು ಅದನ್ನು ಬರೆದಿಲ್ಲ. ನಾವು ಕೊನೆಯ ಸ್ಥಾನಕ್ಕೆ ಬಂದು, ಕೆಳಗಿನ ದರ್ಜೆಗೆ ಇಳಿದು, ಬಸ್ಸಿನಲ್ಲಿ ಊರಿಗೆ ಮರಳುವಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜನವರಿಯ ನಂತರ ಅಣ್ಣ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಲ್ಲಿದ್ದಲು ಮತ್ತೆ ತನ್ನಿ ಎಂದು ನಾನು ಕೇಳುತ್ತಿಲ್ಲ, ತಾವು ಗಾಬರಿಯಾಗಬೇಡಿ. ಅದು ಹೋಗಬೇಕಾದದ್ದೇ. ನನ್ನ ಹಾಸಿಗೆಯ ಹೊದಿಕೆಗಳು ಈಗ ಒಗೆದ ಮೇಲೆ ಬಿಳಿಯಾಗಿಯೇ ಒಣಗುತ್ತವೆ, ನಮ್ಮ ಕೊಠಡಿಯ ದೀಪ ಸಮುದ್ರದ ಗಾಳಿಯಿಂದ ತೆಗೆದ ವಿದ್ಯುತ್ತಿನಿಂದ ಉರಿಯುತ್ತದಂತೆ, ಬಹಳ ಸಂತೋಷ. ಆದರೆ ಸ್ಥಾವರ ಮುಚ್ಚಿದಾಗ ಅದರ ಹಿಂದೆಯೇ ಕಾರ್ಮಿಕರ ಕ್ಲಬ್ಬು ಮುಚ್ಚಿತು. ಪ್ರಾರ್ಥನಾ ಮಂದಿರ ಮೂರು ಮನೆಗಳಾಗಿ ಒಡೆಯಿತು. ಜಾಗ ಕೇಳಿದರೆ ಶಾಲೆಯವರು ಮಕ್ಕಳ ಕಿವಿಯ ನೆಪ ಹೇಳಿ ಕೈಮುಗಿದರು. ಊರಿನಲ್ಲಿ ಇಪ್ಪತ್ತೈದು ಜನ ಒಟ್ಟಿಗೆ ಕೂರಲು ಉಳಿದಿರುವ ಜಾಗ ಆ ಕೊಠಡಿ ಒಂದೇ. ಅದು ಹೋದರೆ ಇಪ್ಪತ್ತೈದು ವಾದ್ಯಗಳು ಇಪ್ಪತ್ತೈದು ಮಂಚಗಳ ಕೆಳಗೆ ಸೇರುತ್ತವೆ. ಮಂಚದ ಕೆಳಗೆ ಹೋದ ತುತ್ತೂರಿ ವಾಪಸ್ಸು ಬಂದದ್ದನ್ನು ನಾನಂತೂ ಕಂಡಿಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. ತಮ್ಮ ನೋಟೀಸಿನ ವಿಷಯ ವಾಲ್ಟರ್‌ಗೆ ಗೊತ್ತಿಲ್ಲ. ಬ್ಯಾಂಡಿನ ಕಾರ್ಯದರ್ಶಿಯಾಗಿ ಲಕೋಟೆ ಒಡೆದವಳು ನಾನು, ಮೂರು ವಾರದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಬಚ್ಚಿಟ್ಟವಳೂ ನಾನು. ಕೊನೆಯ ರೈಲನ್ನು ತಂದವನು ಅವನೇ. ಅದನ್ನು ನಿಲ್ಲಿಸಿ ಮನೆಗೆ ಬಂದು ಕುರ್ಚಿಯಲ್ಲಿ ಕೂತವನು ಆರು ವಾರ ಮೇಲೇಳಲಿಲ್ಲ. ಗಡ್ಡ ಎದೆಯ ಕಡೆಗೆ ಇಳಿಯಿತು. "ಯಾರಿಗ್ ತೋರ್ಸೋಕೆ ಗಡ್ಡ ಹೆರ್ಕೊಳ್ಳಲಿ, ಎನಿಡ್?" ಅಂದ. ಆ ಮಾತಿಗೆ ನನಗೆ ಅಳು ಬಂತು. ಅತ್ತು ಮುಗಿಸಿ, ಅವನ ಕೈಹಿಡಿದು ಎಳೆದುಕೊಂಡು ಹೋಗಿ ಬ್ಯಾಂಡಿನ ಮುಂದೆ ನಿಲ್ಲಿಸಿದೆ. ಈಗ ಅವನು ವಾರಕ್ಕೆ ಎರಡು ದಿನ ಗಡ್ಡ ಹೆರೆದುಕೊಳ್ಳುತ್ತಾನೆ, ಅಭ್ಯಾಸವಿರುವ ಮಂಗಳವಾರ ಮತ್ತು ಶುಕ್ರವಾರ. ಉಳಿದ ದಿನ ಕನ್ನಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಈ ಪತ್ರ ಅಚ್ಚಾಗುವ ನಮ್ಮ ಸ್ಥಳೀಯ ಪತ್ರಿಕೆ ಬರುವುದು ಗುರುವಾರ, ಅವನು ಅದನ್ನು ಮೊದಲಿಂದ ಕೊನೆಯವರೆಗೆ ಓದುತ್ತಾನೆ. ಆದ್ದರಿಂದ ತಾವು ಇದನ್ನು ಓದುವ ಹೊತ್ತಿಗೆ ಅವನೂ ಓದಿರುತ್ತಾನೆ. ನನಗೆ ಬೈಯುತ್ತಾನೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೋಟೀಸನ್ನು ಹಿಂದಕ್ಕೆ ಪಡೆಯಿರಿ ಎಂಬುದೊಂದೇ ನನ್ನ ಬೇಡಿಕೆ. ಆ ಮಾತನ್ನು ನನಗೆ ಬರೆದು ತಿಳಿಸಬೇಡಿ, ಅವನಿಗೇ ಫೋನ್ ಮಾಡಿ ಹೇಳಿ. ಅವನ ನಂಬರು ನಿಮ್ಮ ಕಚೇರಿಯಲ್ಲೇ ಇದೆ, ಮೂವತ್ತೊಂದು ವರ್ಷ ನಿಮ್ಮ ರೈಲು ಓಡಿಸಿದವನು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಏಳುತ್ತಾನೆ. ಏಳೂವರೆಯೊಳಗೆ ಫೋನ್ ಮಾಡಿ, ಅವನು ಗಡ್ಡ ಹೆರೆದುಕೊಳ್ಳಲಿ.

ಇಂತಿ,
ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನು ಏನನ್ನೂ ಬಚ್ಚಿಡಲಾರದ,
ಸದಾ ಅರ್ಧ ಸ್ವರ ಕೆಳಗಿರುವ ಎರಡನೇ ಹಾರ್ನು,
ಎನಿಡ್ ಬ್ಯಾರಕ್ಲಫ್
ಕಾರ್ಯದರ್ಶಿ, ಹೆಕ್‌ಥಾರ್ಪ್ ಬ್ಯಾಂಡು, ಯಾರ್ಕ್‌ಷೈರ್